ಸಿಗ್ನಲ್ ಮಕ್ಕಳಿಗೆ ಭಾನುವಾರ ಪಾಠ ಶುರು ಮಾಡಿದ್ದೆ, ನಾಲ್ಕನೇ ವಾರ ಯಾರೂ ಬರಲಿಲ್ಲ

ಸಂಪಿಗೆಮರ

ಬೈಸಿಕೊಳ್ಳೋಕೇ ಈ ಪೋಸ್ಟ್ ಹಾಕ್ತಿದ್ದೀನಿ ಅಂದ್ಕೊಳ್ಳಿ.

ನಮ್ಮನೆ ಇರೋದು ಬೆಂಗಳೂರಿನ ದಕ್ಷಿಣದ ಕಡೆ. ಆಫೀಸಿಗೆ ಹೋಗೋ ದಾರೀಲಿ ಒಂದು ದೊಡ್ಡ ಸಿಗ್ನಲ್ ಇದೆ, ಕೆಂಪು ಬಿತ್ತು ಅಂದ್ರೆ ಎರಡು ನಿಮಿಷ ಗ್ಯಾರಂಟಿ. ಐದಾರು ಮಕ್ಕಳು ಅಲ್ಲಿ ಪೆನ್ನು, ಇಯರ್ ಬಡ್ಸ್, ಕಾರು ಒರೆಸೋ ಬಟ್ಟೆ ಮಾರ್ತಾರೆ. ಅದರಲ್ಲಿ ಒಬ್ಬಳು ಹತ್ತು ವರ್ಷದ ಹುಡುಗಿ. ಸೊಂಟದ ಮೇಲೆ ಯಾವಾಗಲೂ ಒಂದು ಗಂಡು ಮಗು. ಒಂದಿನ ಅವಳ ಹತ್ರ ಬಟ್ಟೆ ತಗೊಂಡೆ. ಒಂದಕ್ಕೆ ಇಪ್ಪತ್ತು, ಮೂರಕ್ಕೆ ಐವತ್ತು. ನಾನು ಏಳು ತಗೊಂಡು ಐನೂರರ ನೋಟು ಕೊಟ್ಟೆ. ನಾನಿನ್ನೂ ಮನಸ್ಸಲ್ಲೇ ಗುಣಿಸ್ತಿದ್ದೆ, ಅಷ್ಟರಲ್ಲಿ ಮುನ್ನೂರ ಎಂಬತ್ತು ಎಣಿಸಿ ಕೈಗಿಟ್ಟಳು. ಆಮೇಲೆ ಯಾವಾಗಲೋ ಚೀಟಿ ಮೇಲೆ 380 ಅಂತ ಬರೆದು "ಇದೇನು?" ಅಂದ್ರೆ ನಕ್ಕಳು. ಅಂಕಿ ಗೊತ್ತಿಲ್ಲ. ನೋಟು ಗೊತ್ತಾಗೋದು ಬಣ್ಣದಿಂದ.

ಆ ನಗು ತಲೆಯಿಂದ ಹೋಗಲಿಲ್ಲ. ಹತ್ತಿರದ ಪಾರ್ಕಿನ ಕಲ್ಲು ಬೆಂಚಿನ ಹತ್ರ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡು ಪಾಠ ಅಂತ ಶುರು ಮಾಡಿದೆ. ಸ್ಲೇಟು, ಬಳಪ, ಬಿಸ್ಕತ್ತು, ಬಾಳೆಹಣ್ಣು. ಮೊದಲ ವಾರ ಐದು ಮಕ್ಕಳು ಬಂದರು, ಎರಡನೇ ವಾರ ನಾಲ್ಕು, ಮೂರನೇ ವಾರ ಇಬ್ಬರು. ನಾಲ್ಕನೇ ವಾರ ನಾನು, ಸ್ಲೇಟು, ಒಂದು ಡಜನ್ ಬಾಳೆಹಣ್ಣು. ಅಷ್ಟೇ.

ಎಲ್ಲಿ ತಪ್ಪಾಯ್ತು? ಈ ಕೆಲಸ ಮಾಡಿ ಗೊತ್ತಿರೋರು ಹೇಳಿ. "ನಿಮ್ಮ ಪ್ರಯತ್ನ ಶ್ಲಾಘನೀಯ" ಅಂತ ಮಾತ್ರ ದಯವಿಟ್ಟು ಬರೀಬೇಡಿ.


ನೇರಮಾತು

ಮೇಡಂ, ನಿಮ್ಮ ಮನಸ್ಸು ಒಳ್ಳೇದು, ಲೆಕ್ಕ ತಪ್ಪು. ಹೊಟ್ಟೆಗೆ ಹಿಟ್ಟಿಲ್ಲದೋರ ಜುಟ್ಟಿಗೆ ಮಲ್ಲಿಗೆ ಮುಡಿಸೋಕೆ ಹೊರಟಿದ್ದೀರಿ. ಆ ಮಕ್ಕಳ ಹಿಂದೆ ಮಾಫಿಯಾ ಇರುತ್ತೆ, ಇಲ್ಲಾಂದ್ರೆ ಕುಡುಕ ಅಪ್ಪ ಇರ್ತಾನೆ. ನೀವು ಏಳು ಬಟ್ಟೆ ತಗೊಂಡ್ರಲ್ಲ, ಅದೇ ದೊಡ್ಡ ತಪ್ಪು. ತಗೊಳ್ಳೋರು ಇರೋ ತನಕ ಮಕ್ಕಳನ್ನ ಸಿಗ್ನಲ್‌ಗೆ ತಳ್ಳೋರು ಇದ್ದೇ ಇರ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ನಿಮ್ಮ ಕೆಲಸ ಮುಗೀತು.


ಕಪ್ಪುಹಲಗೆ

ಸಂಪಿಗೆಮರ ಅವರೇ, ನಾನು ನಗರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಮೇಷ್ಟ್ರು. ಎಲ್ಲಿ ತಪ್ಪಾಯ್ತು ಅಂತ ಕೇಳಿದಿರಿ. ಭಾನುವಾರ ಹತ್ತು ಗಂಟೆ ಯಾರ ಅನುಕೂಲಕ್ಕೆ ಇಟ್ಟಿದ್ದು, ಯೋಚನೆ ಮಾಡಿ.

ಎರಡನೇದು, ಪಾರ್ಕಿನ ಪಾಠ ಶಾಲೆಗೆ ಬದಲಿ ಅಲ್ಲ. ಅದು ಶಾಲೆಗೆ ಹೋಗೋ ಜಗುಲಿ ಆಗಬೇಕು. ನೀವು ಎಷ್ಟೇ ಚೆನ್ನಾಗಿ ಅಆಇಈ ಕಲಿಸಿದ್ರೂ ಮಗುವಿನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ, ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ವಿವರ ಇಡೋ ಸರ್ಕಾರದ ಆನ್‌ಲೈನ್ ದಾಖಲೆ) ನಂಬರ್ ಇಲ್ಲ. ನಂಬರ್ ಇಲ್ಲದ ಮಗು ಸರ್ಕಾರದ ಕಣ್ಣಿಗೆ ಬೀಳೋದೇ ಇಲ್ಲ. ಊಟ ಇಲ್ಲ, ಹಾಲಿಲ್ಲ, ಸಮವಸ್ತ್ರ ಇಲ್ಲ, ಪುಸ್ತಕ ಇಲ್ಲ. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗ, 2013ರಲ್ಲಿ ಕ್ಷೀರಭಾಗ್ಯ ಬಂದಾಗ ನಗರದಲ್ಲಿ ಕೆಲವರು ಮೂಗು ಮುರಿದರು. ಬೆಳಗ್ಗೆ ಹಾಲಿನ ಹೊತ್ತಿಗೆ ಸರಿಯಾಗಿ ಗೇಟಿನ ಹತ್ರ ಬಂದು ನಿಲ್ಲೋ ಮಕ್ಕಳನ್ನ ನೋಡಿದೋರು ಯಾರೂ ಮೂಗು ಮುರಿಯಲ್ಲ.

ಸೊಂಟದ ಮೇಲಿನ ತಮ್ಮನ ಬಗ್ಗೆ ನೀವು ಒಂದೇ ಸಾಲು ಬರೆದು ಮುಂದೆ ಹೋದಿರಿ. ನನ್ನ ಕಣ್ಣು ಅಲ್ಲೇ ನಿಂತಿತು. ಆ ಮಗುವಿಗೆ ಅಂಗನವಾಡಿಯಲ್ಲಿ ಜಾಗ ಆಗದೆ ಈ ಹುಡುಗಿ ಶಾಲೆಗೆ ಬರಲ್ಲ. ಕೆಲವು ವರ್ಷದ ಹಿಂದೆ ನನ್ನ ಕ್ಲಾಸಿನ ಒಬ್ಬಳು ತಂಗಿಯನ್ನ ಎತ್ತಿಕೊಂಡೇ ಬರ್ತಿದ್ದಳು. "ಮಗು ತರಬೇಡ" ಅಂತ ಸಹೋದ್ಯೋಗಿಯೊಬ್ಬರು ಗದರಿದರು. ಮಾರನೇ ದಿನದಿಂದ ಇಬ್ಬರೂ ಬರಲಿಲ್ಲ. ಮೂರು ದಿನ ಹುಡುಕಿ ಕರ್ಕೊಂಡು ಬಂದೆ, ತಂಗಿಗೆ ಬಾಗಿಲ ಪಕ್ಕ ಒಂದು ಚಾಪೆ ಹಾಸಿದೆ. ಆ ತಂಗಿ ಎರಡು ತಿಂಗಳಲ್ಲಿ ಪದ್ಯಗಳನ್ನ ಅಕ್ಕನಿಗಿಂತ ಜೋರಾಗಿ ಹೇಳ್ತಿತ್ತು.


ಕರಿಕೋಟು

ವಕೀಲನಾಗಿ ಎರಡು ಮಾತು.

ನೇರಮಾತು ಅವರೇ, ಮಕ್ಕಳನ್ನ ಭಿಕ್ಷೆಗೆ ಹಚ್ಚೋರು ಇಲ್ಲ ಅಂತ ಯಾರೂ ಹೇಳ್ತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 76ನೇ ಕಲಮಿನಲ್ಲಿ ಅಂಥೋರಿಗೆ ಐದು ವರ್ಷದ ತನಕ ಜೈಲು, ಒಂದು ಲಕ್ಷ ದಂಡ ಇದೆ. ಆದರೆ ರಸ್ತೆಯಲ್ಲಿ ಕಾಣೋ ಪ್ರತಿ ಮಗುವಿನ ಹಿಂದೆ ಮಾಫಿಯಾ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಅಪ್ಪ ಅಮ್ಮನ ಜೊತೆ ಗುಡಿಸಲಲ್ಲಿ ಇರೋ ಮಗುವನ್ನೂ ಜೀಪಿಗೆ ಹತ್ತಿಸ್ತೀವಿ. ರಸ್ತೆ ಮಕ್ಕಳು ಅಂದ್ರೆ ಒಂದೇ ಜಾತಿ ಅಲ್ಲ. ಮನೆ ಬಿಟ್ಟು ಓಡಿಬಂದು ಸ್ಟೇಷನ್‌ನಲ್ಲಿ ಮಲಗೋರು ಬೇರೆ, ಇಡೀ ಕುಟುಂಬವೇ ಫುಟ್‌ಪಾತಿನಲ್ಲಿ ಇರೋರು ಬೇರೆ, ರಾತ್ರಿ ಗುಡಿಸಲಿಗೆ ಹೋಗಿ ಹಗಲು ರಸ್ತೆಯಲ್ಲಿ ದುಡಿಯೋರು ಬೇರೆ. ಒಬ್ಬರ ಔಷಧಿ ಇನ್ನೊಬ್ಬರಿಗೆ ಆಗಲ್ಲ. ಮಗು ಅಪಾಯದಲ್ಲಿದ್ದರೆ, ಕಳೆದುಹೋಗಿದ್ದರೆ, ಯಾರಾದರೂ ಹೊಡೀತಿದ್ದರೆ ಯೋಚನೆ ಮಾಡದೆ 1098 ಒತ್ತಿ. ರಕ್ಷಿಸಿದ ಮಗುವನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆದರೆ ಫೋನ್ ಇಟ್ಟ ಕೂಡಲೇ ಕೆಲಸ ಮುಗಿಯಲ್ಲ ಸ್ವಾಮಿ, ಅಲ್ಲಿಂದ ಶುರು.

ಶಾಲೆ ವಿಷಯಕ್ಕೆ ಬಂದರೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಶಿಕ್ಷಣ ಹಕ್ಕು ಕಾಯ್ದೆಯ 4, 5, 14, 15 ಈ ನಾಲ್ಕು ಕಲಮು ಬಾಯಿಪಾಠ ಮಾಡ್ಕೊಳ್ಳಿ. ಆರರಿಂದ ಹದಿನಾಲ್ಕರ ಮಗು ಎಂದೂ ಶಾಲೆ ಕಾಣದಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಸರಿದೂಗಿಸೋಕೆ ವಿಶೇಷ ತರಬೇತಿ ಕೊಡಬೇಕು. ಹದಿನಾಲ್ಕು ದಾಟಿದರೂ ಎಂಟನೇ ತರಗತಿ ಮುಗಿಯೋ ತನಕ ಉಚಿತ. ಜನನ ಪತ್ರ ಇಲ್ಲ ಅಂತ, ಟಿಸಿ ಬಂದಿಲ್ಲ ಅಂತ, ವರ್ಷದ ಮಧ್ಯೆ ಬಂದ್ರಿ ಅಂತ ವಾಪಸ್ ಕಳಿಸೋ ಹಾಗಿಲ್ಲ. ಆಧಾರ್ ಇಲ್ಲ ಅನ್ನೋದೂ ನಡೆಯಲ್ಲ. 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಅಲ್ಲ.


ನೇರಮಾತು

ಕಾಯ್ದೆ ಪುಸ್ತಕದಲ್ಲಿ ಎಲ್ಲಾ ಇದೆ ಸರ್. ಆದರೂ ಸಿಗ್ನಲ್‌ನಲ್ಲಿ ಮಕ್ಕಳು ಇದ್ದಾರಲ್ಲ?


ಕರಿಕೋಟು

ಇದ್ದಾರೆ. ಅದಕ್ಕೇ ಇಲ್ಲಿ ಮಾತಾಡ್ತಿರೋದು.


ಎಂಟನೇಪ್ಲಾಟ್‌ಫಾರಂ

ಇಲ್ಲಿ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡಿದೆ. ನನ್ನ ಹೆಂಡ್ತಿ "ಬರೀರಿ" ಅಂದಳು.

ಅಕ್ಕ, ನೀವು ಹುಡುಕ್ತಿರೋ ಮಗು ನಾನೇ. 1996ರಲ್ಲಿ ಅರಸೀಕೆರೆ ಕಡೆಯ ಹಳ್ಳಿಯಿಂದ ಪ್ಯಾಸೆಂಜರ್ ಹತ್ತಿ ಬೆಂಗಳೂರಿಗೆ ಬಂದಾಗ ನನಗೆ ಒಂಬತ್ತು. ಎರಡನೇ ಕ್ಲಾಸು ಆಗಿತ್ತು. ಅಪ್ಪ ಯಾಕೆ ಹೊಡೀತಿದ್ದ ಅಂತ ಈಗ ಅರ್ಥ ಆಗುತ್ತೆ, ಆಗ ಆಗ್ತಿರಲಿಲ್ಲ. ಅದು ಬಿಡಿ.

ಸ್ಟೇಷನ್ನಿಗೆ ಬಂದ ಎರಡನೇ ದಿನವೇ ಒಬ್ಬ ದೊಡ್ಡ ಹುಡುಗ ಚೀಲ ಕೊಟ್ಟ. ಜೊತೆಗೆ ದಾರಕ್ಕೆ ಕಟ್ಟಿದ ಒಂದು ಅಯಸ್ಕಾಂತ, ಹಳೇ ಸ್ಪೀಕರಿಂದು. ನೆಲದ ಮೇಲೆ ಎಳ್ಕೊಂಡು ಹೋದ್ರೆ ಮೊಳೆ, ಬೋಲ್ಟು, ಪಿನ್ನು ಎಲ್ಲಾ ಅಂಟ್ಕೊಂಡು ಬರ್ತಿತ್ತು. ಕಬ್ಬಿಣಕ್ಕೆ ಒಂದು ರೇಟು, ಹಾಲಿನ ಕವರಿಗೆ ಒಂದು, ರಟ್ಟಿಗೆ ಒಂದು. ತಾಮ್ರಕ್ಕೆ ಎಲ್ಲಕ್ಕಿಂತ ಜಾಸ್ತಿ. ವೈರು ಸಿಕ್ಕಿದ್ರೆ ಗೋಡೆ ಮರೇಲಿ ಸುಟ್ಟು ತಾಮ್ರ ತೆಗೀತಿದ್ವಿ. ಆ ಹೊಗೆ ವಾಸನೆ ಇವತ್ತಿಗೂ ಗೊತ್ತಾಗುತ್ತೆ. ದಿನಕ್ಕೆ ನಲವತ್ತು, ಐವತ್ತು ರೂಪಾಯಿ ಆಗ್ತಿತ್ತು. ರಾತ್ರಿ ಇಟ್ಕೊಂಡ್ರೆ ಕಿತ್ಕೊಳ್ಳೋರು, ಅದಕ್ಕೆ ಗುಜರಿ ಅಂಗಡಿಯೋನ ಹತ್ರ ಇಡ್ತಿದ್ವಿ. ಅವನು ಕೊಟ್ಟಿದ್ದೇ ಲೆಕ್ಕ. ಉಳಿದಿದ್ದಕ್ಕೆ ಊಟ, ಸಿನಿಮಾ, ಆಮೇಲೆ ಸೊಲ್ಯೂಷನ್. ಪಂಕ್ಚರ್ ಹಾಕೋ ಅಂಟು, ಬಟ್ಟೆಗೆ ಹಾಕಿ ಮೂಗಿಗೆ ಹಿಡಿಯೋದು. ಚಳಿ ಗೊತ್ತಾಗಲ್ಲ, ಹಸಿವು ಗೊತ್ತಾಗಲ್ಲ. ಅದನ್ನ ಬಿಡಿಸದೆ ಸ್ಲೇಟು ಕೊಟ್ರೆ ಸ್ಲೇಟೂ ಗುಜರಿಗೆ ಹೋಗುತ್ತೆ, ನಾನೇ ಹಾಕಿದ್ದೀನಿ.

ರಾತ್ರಿ ಹೊತ್ತು ಒಬ್ಬ ಅಣ್ಣ ಬರ್ತಿದ್ದ, ಒಂದು ಸಂಸ್ಥೆಯೋನು. ನಾಲ್ಕು ತಿಂಗಳು ಸುಮ್ಮನೆ ಬಂದು ಕೂತು, ಗಾಯಕ್ಕೆ ಬ್ಯಾಂಡೇಜ್ ಕಟ್ಟಿ, ಚೌಕಾಬಾರ ಆಡಿ ಹೋಗ್ತಿದ್ದ. "ಬಾ" ಅಂತ ಒಂದು ದಿನಾನೂ ಕರೀಲಿಲ್ಲ. ನಾನೇ ಒಂದಿನ "ನಿಮ್ ಹತ್ರ ಟಿವಿ ಐತಾ?" ಅಂತ ಕೇಳ್ಕೊಂಡು ಹಿಂದೆ ಹೋದೆ. ಅಲ್ಲಿಂದ ಮೂರು ಸಲ ಓಡಿಹೋದೆ. ಒಂದ್ಸಲ ಪೊಲೀಸ್ ಹಿಡಿದು ಬೇರೆ ಒಂದು ಹಾಸ್ಟೆಲ್‌ಗೆ ಹಾಕಿದರು. ಅಲ್ಲಿ ಸಂಜೆ ಆರಕ್ಕೆ ಬೀಗ, ತಲೆ ಬೋಳಿಸೋರು. ಆ ಗೋಡೆ ಹಾರಿದ್ದು ಮಾತ್ರ ನನಗೆ ಇವತ್ತಿಗೂ ಬೇಜಾರಿಲ್ಲ.

ನಾನು ಓದೋಕೆ ಕಲಿತಿದ್ದು ಪುಸ್ತಕದಿಂದ ಅಲ್ಲ. ಆ ಅಣ್ಣ ಒಂದಿನ ಕೇಳಿದ, "ಯಾವ ಊರಿನ ಬೋರ್ಡ್ ಗೊತ್ತು ನಿಂಗೆ?" ಅಂತ. ತುಮಕೂರು, ತಿಪಟೂರು, ಅರಸೀಕೆರೆ, ಹೆಸರು ಹೇಳಿದೆ. ಪ್ಲಾಟ್‌ಫಾರಂ ಮೇಲೇ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ನಾನು ಮತ್ತೆ ಓದಿದ ಮೊದಲನೇ ಪದ ಅರಸೀಕೆರೆ. ಯಾವ ಊರು ಬಿಟ್ಟು ಓಡಿ ಬಂದಿದ್ನೋ ಅದೇ ಊರು.

ಹತ್ತೊಂಬತ್ತಕ್ಕೆ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ. ಮೊದಲ ಸಲ ಗಣಿತ, ಇಂಗ್ಲಿಷ್ ಎರಡೂ ಡುಮ್ಕಿ. ಎರಡನೇ ಸಲ ಪಾಸು. ಆಮೇಲೆ ಐಟಿಐ ಎಲೆಕ್ಟ್ರಿಷಿಯನ್, ವೈರ್‌ಮನ್ ಪರ್ಮಿಟ್. ಈಗ ಸ್ವಂತ ಅಂಗಡಿ, ಇಬ್ಬರು ಹುಡುಗರು ಕೆಲಸಕ್ಕೆ. ಆಗ ಸುಡ್ತಿದ್ದ ವೈರನ್ನ ಈಗ ಎಳೀತೀನಿ.


ಸಂಪಿಗೆಮರ

ಏನು ಬರೀಬೇಕು ಗೊತ್ತಾಗ್ತಿಲ್ಲ ಅಣ್ಣ. ನಿಮ್ಮ ಹೆಂಡತಿಗೆ ನಮಸ್ಕಾರ ಹೇಳಿ.


ಸುರಪುರದಾಂವ

ನಮ್ಮ ಕಡಿ ಮಾತೂ ಒಂದೀಟು ಕೇಳ್ರಿ. ಬೆಂಗಳೂರಾಗ ಬಿಲ್ಡಿಂಗ್ ಮುಂದ ಮರಳಾಗ ಆಡೋ ಮಕ್ಕಳು ಅದಾವಲ್ಲ, ಅದರಾಗ ಬಾಳಷ್ಟು ಕನ್ನಡದ ಮಕ್ಕಳೇ. ಯಾದಗಿರಿ, ರಾಯಚೂರು, ಕಲಬುರಗಿ, ವಿಜಯಪುರದಾಗಿಂದ ಗುಳೆ ಹೋದವ್ರು. ರಾಶಿ ಮುಗಿದ ಮ್ಯಾಲ ಮನಿಗೆ ಕೀಲಿ ಹಾಕಿ ಹೋಗ್ತಾರ, ಮುಂಗಾರಿಗೆ ವಾಪಸ್ ಬರ್ತಾರ. ಶಾಲಿ ಪರೀಕ್ಷಾ ಇರೋದು ಮಾರ್ಚ್‌ನಾಗ. ಪರೀಕ್ಷಾ ಟೈಮಿಗೆ ಹುಡುಗ ಮಾರತಹಳ್ಳಿ ಶೆಡ್ಡಿನಾಗ ಇರ್ತಾನ. ಜೂನ್‌ದಾಗ ಬಂದ್ರ ಮಾಸ್ತರ್ ಮುಂದಿನ ಕ್ಲಾಸಿಗೆ ಕುಂಡ್ರಸ್ತಾರ, ಹುಡುಗಗ ಹಿಂದಿನದೇ ಬರಂಗಿಲ್ಲ. ಎರಡು ವರ್ಷ ಹಿಂಗ ಆದ್ರ ಮೂರನೇ ವರ್ಷ ಅವನೇ "ನಾ ಒಲ್ಲೆ" ಅಂತಾನ. ಗುಳೆ ಹೋಗದ ಮನ್ಯಾಗೂ ಹತ್ತಿ ಬಿಡಿಸೋ ಟೈಮಿಗೆ ಕ್ಲಾಸಿನಾಗ ಅರ್ಧ ಬೆಂಚು ಖಾಲಿ.

ಮಗಾನ ಬಿಟ್ಟು ಹೋಗ್ರಿ ಅಂದ್ರ ಯಾರ ಹತ್ರ ಬಿಡಬೇಕ್ರಿ? ಮುದುಕಿ ಇದ್ರ ಬಿಡ್ತಾರ. ಮುದುಕಿಗೇ ಯಾರರ ರೊಟ್ಟಿ ಬಡಿದು ಹಾಕಬೇಕು. ಅದಕ್ಕ ಹೆಣ್ಣುಡುಗಿ ಬಿಟ್ಟು ಹೋಗ್ತಾರ, ಓದಾಕ ಅಲ್ಲ, ಮುದುಕಿಗಿ ಅಡಗಿ ಮಾಡಾಕ. ಊರಾಗೇ ಗುಳೆ ಹೋದವ್ರ ಮಕ್ಕಳಿಗೆ ಆರು ತಿಂಗಳ ವಸತಿ ನಡಿಸಿದಲ್ಲಿ ಮಕ್ಕಳು ಉಳಿದಾವ, ನಾ ಕಣ್ಣಾರೆ ಕಂಡೀನಿ. ಆದ್ರ ಅದು ಗಾಡಿ ಹತ್ತೂದಕ್ಕಿಂತ ಮೊದಲ ಚಾಲೂ ಆಗಬೇಕು. ಅನುದಾನ ಜನವರಿಗೆ ಬಂದ್ರ ಯಾರನ್ನ ಇಡ್ತೀರಿ, ಬೆಕ್ಕಿನ ಮರಿನಾ?


ಕಪ್ಪುಹಲಗೆ

ಸುರಪುರದವರ ಮಾತಿಗೆ ನನ್ನ ಕಡೆಯ ಅರ್ಧ ಸೇರಿಸ್ತೀನಿ. ನವೆಂಬರ್, ಡಿಸೆಂಬರ್‌ನಲ್ಲಿ ನನ್ನ ಶಾಲೆಗೆ ಹೀಗೆ ಬಂದ ಮಕ್ಕಳು ಸೇರ್ತಾರೆ. ಅವರಿಗೆ ಅಂತ ಯಾರೂ ಮಾಡದಿದ್ದರೂ ಅವರಿಗೇ ಹೇಳಿ ಮಾಡಿಸಿದ ಹಾಗಿರೋದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಹುಟ್ಟಿದ ಪದ್ಧತಿ ಅದು. ಅಲ್ಲಿ ಪಾಠಕ್ಕೆ ಪುಟ ಸಂಖ್ಯೆ ಇಲ್ಲ, ಏಣಿ ಇದೆ. ಒಂದು ಮೈಲಿಗಲ್ಲು, ಅದರಲ್ಲಿ ಮೆಟ್ಟಿಲುಗಳು, ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡು. ಮಗು ಎರಡು ತಿಂಗಳು ಇಲ್ಲದಿದ್ದರೆ ಪಾಠ ಮುಂದೆ ಓಡಿಹೋಗಿರಲ್ಲ. ತಾನು ಬಿಟ್ಟುಹೋದ ಮೆಟ್ಟಿಲಲ್ಲೇ ಕಾರ್ಡು ಕಾಯ್ತಿರುತ್ತೆ. ಒಂದನೇ ಕ್ಲಾಸಿಂದು, ಮೂರನೇ ಕ್ಲಾಸಿಂದು ಒಂದೇ ಗುಂಪಿನಲ್ಲಿ ಒಟ್ಟಿಗೆ ಕೂತಿರೋದ್ರಿಂದ ಹಿಂದೆ ಬಿದ್ದೆ ಅನ್ನೋ ಅವಮಾನವೂ ಕಡಿಮೆ. (ಮೇಷ್ಟ್ರುಗಳಿಗೆ ಕಾರ್ಡು ಜೋಡಿಸಿ ಜೋಡಿಸಿ ಸಾಕಾಗುತ್ತೆ, ಅದು ಬೇರೆ ಮಾತು.)

ಕಷ್ಟ ಶುರುವಾಗೋದು ನಾಲ್ಕನೇ ಕ್ಲಾಸಿಂದ. ಹನ್ನೊಂದು ವರ್ಷದ ಹುಡುಗನ್ನ ವಯಸ್ಸಿಗೆ ತಕ್ಕಂತೆ ಆರನೇ ಕ್ಲಾಸಲ್ಲಿ ಕೂರಿಸಿದ್ವಿ, ಅವನಿಗೆ ಕಾಗುಣಿತ ಬರಲ್ಲ. ವಿಶೇಷ ತರಬೇತಿ ಅಂತ ಕಾಯ್ದೆ ಹೇಳುತ್ತೆ. ಅದನ್ನ ಕೊಡೋ ಕೈ ಎಲ್ಲಿದೆ? ನಾನೇ ಐದು ಕ್ಲಾಸು ನೋಡ್ಕೊಳ್ತಿದ್ದೀನಿ. ಸಂಪಿಗೆಮರ ಅವರೇ, ನಿಮ್ಮಂಥೋರು ಬೇಕಾಗಿರೋದು ಇಲ್ಲಿ. ಭಾನುವಾರ ಪಾರ್ಕಿನಲ್ಲಿ ಅಲ್ಲ, ಬುಧವಾರ ಹನ್ನೊಂದು ಗಂಟೆಗೆ ನನ್ನ ಆರನೇ ಕ್ಲಾಸಿನ ಹಿಂದಿನ ಬೆಂಚಿನ ಪಕ್ಕ.

ಇನ್ನೊಂದು. 2013ರಲ್ಲಿ ನಮ್ಮ ಹೈಕೋರ್ಟು ಶಾಲೆ ಬಿಟ್ಟ ಮಕ್ಕಳ ವಿಷಯವನ್ನ ತಾನಾಗೇ ಕೈಗೆತ್ತಿಕೊಂಡ ಮೇಲೆ ಏಳು ದಿನ ಸತತ ಗೈರಾದ್ರೆ ಆ ಮಗುವನ್ನ ಶಾಲೆಯಿಂದ ಹೊರಗುಳಿದ ಮಗು ಅಂತ ಹಿಡಿದು ಹುಡುಕಬೇಕು ಅನ್ನೋ ನಿಯಮ ಬಂತು. ಮೊದಲು ಅರವತ್ತು ದಿನ ಇತ್ತು. ಅರವತ್ತು ದಿನಕ್ಕೆ ಮಗು ಬೇರೆ ಜಿಲ್ಲೆಯಲ್ಲಿರುತ್ತೆ. ಏಳು ಒಳ್ಳೇದು. ನನ್ನ ಅನುಭವ ಕೇಳಿದ್ರೆ ಮೂರನೇ ದಿನವೇ ಹೋಗಬೇಕು.


ಮುಂಬೈಕನ್ನಡತಿ

ಇಲ್ಲೂ ಅದೇ ಕಥೆ. ನಮ್ಮ ಬಿಲ್ಡಿಂಗ್ ಪಕ್ಕದ ಸೈಟಿನಲ್ಲಿ ವಿಜಯಪುರದ ತಾಂಡಾದೋರು ಇದ್ದರು. ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡ್ತಾರೆ, ಊರ ಶಾಲೆಯಲ್ಲಿ ಕನ್ನಡ, ಇಲ್ಲಿ ಸುತ್ತಮುತ್ತ ಮರಾಠಿ, ಹಿಂದಿ. ಎಂಟು ವರ್ಷಕ್ಕೆ ನಾಲ್ಕು ಭಾಷೆ, ಓದೋಕೆ ಒಂದೂ ಬರಲ್ಲ. ಮುಂಬೈ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತೆ, ಆದರೆ ಸೈಟು ಇರೋದು ಒಂದು ಕಡೆ, ಶಾಲೆ ಇರೋದು ಇನ್ನೊಂದು ಕಡೆ. ಲೋಕಲ್ ಹತ್ತಿಸಿ ಕಳಿಸೋರು ಯಾರು? ಕೊನೆಗೆ ಹತ್ತಿರದ ಮರಾಠಿ ಶಾಲೆಗೆ ಸೇರಿಸಿದ್ವಿ. ಆರು ತಿಂಗಳಿಗೆ ಸೈಟು ಮುಗೀತು, ಪುಣೆಗೆ ಹೋದರು.


ಕುಂದಾಪ್ರಭಾವ

ಒಂದು ಹಳೇ ಜಗಳ ನೆನಪಿಸ್ತೇನೆ, ಇಲ್ಲಿ ಯಾರೂ ಎತ್ತಲಿಲ್ಲ.

ಪಕ್ಕದ ಆಂಧ್ರದಲ್ಲಿ, ಈಗಿನ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ, ಎಂ.ವಿ. ಫೌಂಡೇಶನ್‌ನ ಶಾಂತಾ ಸಿನ್ಹಾ ಅವರು 90ರ ದಶಕದಲ್ಲಿ ಒಂದು ಗಟ್ಟಿ ನಿಲುವು ಹಿಡಿದರು. ಶಾಲೆಯ ಹೊರಗಿರೋ ಮಗು ಯಾವುದೇ ಇರಲಿ, ಅದು ಬಾಲಕಾರ್ಮಿಕನೇ. ಅರ್ಧ ದಿನ ಕೆಲಸ ಅರ್ಧ ದಿನ ಪಾಠ ಅನ್ನೋ ರಾಜಿ ಬೇಡ, ಪೂರ್ತಿ ಹೊತ್ತಿನ ಸಾಮಾನ್ಯ ಶಾಲೆಗೇ ಹೋಗಬೇಕು, ಅಲ್ಲಿಗೆ ತಲುಪೋ ತನಕ ಸೇತುಬಂಧ ಶಿಬಿರ. ಬಡತನವೇ ಕಾರಣ ಅನ್ನೋ ವಾದವನ್ನೇ ಅವರು ಒಪ್ಪಲಿಲ್ಲ. ಕೂಲಿ ಮಾಡೋ ಅಪ್ಪ ಅಮ್ಮಂದಿರೂ ಅವಕಾಶ ಕಂಡರೆ ಮಕ್ಕಳನ್ನ ಶಾಲೆಗೆ ಕಳಿಸ್ತಾರೆ ಅಂತ ಮಾಡಿ ತೋರಿಸಿದರು. 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇತ್ತ ಬೆಂಗಳೂರಿನ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ದುಡಿಯೋ ಮಕ್ಕಳದ್ದೇ ಸಂಘ ಕಟ್ಟಿತು, ಭೀಮಸಂಘ. 1996ರಲ್ಲಿ ನಮ್ಮ ಕುಂದಾಪುರದಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯೋ ಮಕ್ಕಳು ಸೇರಿ ಹತ್ತು ಅಂಶದ ಘೋಷಣೆ ಹೊರಡಿಸಿದರು. ಶೋಷಣೆ ಬೇಡ, ಮರ್ಯಾದೆ ಇರೋ ಕೆಲಸ ಬೇಕು, ಓದೋಕೆ ಆಡೋಕೆ ಸಮಯ ಸಿಗೋ ಹಾಗೆ ಕೆಲಸದ ಹೊತ್ತು ಇರಬೇಕು, ನಮ್ಮ ಬದುಕಿಗೆ ಹೊಂದೋ ಶಿಕ್ಷಣ ಬೇಕು, ನಮ್ಮ ಬಗ್ಗೆ ತೀರ್ಮಾನ ಮಾಡುವಾಗ ನಮ್ಮನ್ನ ಕೇಳಿ ಅಂತ. ಮಕ್ಕಳ ಕೈಯಲ್ಲಿ ಕೆಲಸ ಇರೋದನ್ನೇ ಇವರು ಒಪ್ಪಿಬಿಟ್ಟರು ಅಂತ ಆಗ ಬೈದವರು ಬಹಳ.

ನಾನು ಆಗ ಭೀಮಸಂಘದ ಕಡೆ ಇದ್ದೆ. ಈಗ ಕೆಲಸದ ವಿಷಯದಲ್ಲಿ ಶಾಂತಾ ಸಿನ್ಹಾ ಅವರದ್ದೇ ಸರಿ ಅನ್ನಿಸ್ತದೆ, ಕೇಳೋ ವಿಷಯದಲ್ಲಿ ಮಕ್ಕಳದ್ದೇ ಸರಿ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಬಂದ ಮೇಲೆ ಹದಿನಾಲ್ಕರ ಒಳಗಿನವರಿಗೆ ಹೆಚ್ಚುಕಡಿಮೆ ಎಲ್ಲಾ ಕೆಲಸವೂ ನಿಷೇಧ, ಶಾಲೆಯ ಹೊತ್ತು ಮುಗಿದ ಮೇಲೆ ಮನೆಯ ಕಸುಬಿಗೆ ಕೈಜೋಡಿಸೋದನ್ನ ಬಿಟ್ಟು. ಆ "ಬಿಟ್ಟು" ಅನ್ನೋದರಲ್ಲೇ ಎಷ್ಟು ಬೀಡಿ ಕಟ್ಟುಗಳು ಅಡಗಿಕೊಂಡಿವೆ ಅಂತ ನೋಡಿದವರಿಗೆ ಗೊತ್ತು.


ನೇರಮಾತು

ಓದ್ತಾ ಇದ್ದೀನಿ, ಎಂಟನೇಪ್ಲಾಟ್‌ಫಾರಂ ಅವರಿಗೆ ಕೈ ಮುಗೀತೀನಿ. ಮಾಫಿಯಾ ಮಾತು ದುಡುಕಿ ಆಡಿದೆ. ಆದರೆ ಇನ್ನೊಂದು ಪ್ರಶ್ನೆ, ಬೇಜಾರಾಗಬೇಡಿ. ನಮ್ಮ ಏರಿಯಾದಲ್ಲಿ ಊಟ ಡೆಲಿವರಿ ಮಾಡೋ ಹುಡುಗರಲ್ಲಿ ಬಿಕಾಂ, ಡಿಪ್ಲೊಮಾ ಮಾಡಿದೋರಿದ್ದಾರೆ. ಓದಿದ್ರೆ ಬಡತನ ಹೋಗುತ್ತೆ ಅಂತ ಆ ಮಕ್ಕಳಿಗೆ ಯಾವ ಮುಖ ಇಟ್ಕೊಂಡು ಹೇಳೋದು?


ಎಂಟನೇಪ್ಲಾಟ್‌ಫಾರಂ

ನೇರವಾಗೇ ಹೇಳ್ತೀನಿ ಸರ್. ನನ್ನ ಜೊತೆ ಆ ಸಂಸ್ಥೆಯ ಮನೇಲಿದ್ದ ಹುಡುಗರಲ್ಲಿ ಎಲ್ಲರೂ ಉದ್ಧಾರ ಆಗಲಿಲ್ಲ. ಒಬ್ಬ ಪಿಯುಸಿ ಮಾಡಿದ, ಈಗ ಸೆಕ್ಯೂರಿಟಿ. ಒಬ್ಬ ಓದಲೇ ಇಲ್ಲ, ಗುಜರಿ ಅಂಗಡಿ ಇಟ್ಟು ನನಗಿಂತ ಜಾಸ್ತಿ ದುಡೀತಾನೆ. ಇಬ್ಬರು ಇಲ್ಲ ಈಗ.

ದುಡ್ಡಿನ ಮಾತು ಬಿಡಿ. ಓದು ಬರದ ಕಾಲದಲ್ಲಿ ಗುಜರಿಯೋನು ತೂಕ ಬರೆದ ಚೀಟಿ ಕೊಟ್ರೆ ಅದನ್ನ ಹಿಂದೆ ಮುಂದೆ ತಿರುಗಿಸಿ ಜೇಬಿಗೆ ಇಟ್ಕೊಳ್ತಿದ್ದೆ. ಏನು ಬರೆದಿದಾನೆ ಅಂತ ಬೇರೆಯೋರನ್ನ ಕೇಳೋಕೆ ನಾಚಿಕೆ. ಈಗ ಕಾಂಟ್ರಾಕ್ಟರ್ ಕಾಗದ ಕೊಟ್ರೆ ಕನ್ನಡಕ ಹಾಕ್ಕೊಂಡು ಪೂರ್ತಿ ಓದ್ತೀನಿ, ಅವನು ಕಾಯ್ತಾನೆ. ಅವನು ಕಾಯೋದೇ ನನಗೆ ಸಿಕ್ಕಿದ್ದು.

ಒಂದು ಮಾತ್ರ. ಶಾಲೆಗೆ ಬಂದ್ರೆ ದಿನಕ್ಕೆ ಐವತ್ತು ರೂಪಾಯಿ ಹೋಗುತ್ತೆ ಅನ್ನೋದನ್ನ ಮಗು ಮರೆಯಲ್ಲ. ನಮಗೆ ಬುದ್ಧಿ ಹೇಳೋರೆಲ್ಲ ಮರೀತಿದ್ರು.


ಕರಿಕೋಟು

ಆ ಐವತ್ತರ ಲೆಕ್ಕ ಸರ್ಕಾರಕ್ಕೂ ಗೊತ್ತಿತ್ತು, ಕಡಿಮೆ ಹಾಕಿತು ಅಷ್ಟೇ. ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ 1988ರಿಂದ ಇತ್ತು, ಅದರ ವಿಶೇಷ ಶಾಲೆಯ ಮಗುವಿಗೆ ತಿಂಗಳಿಗೆ ನೂರೈವತ್ತು ಇದ್ದದ್ದು ಆಮೇಲೆ ನಾನೂರು ರೂಪಾಯಿ ಆಯ್ತು. ದಿನಕ್ಕಲ್ಲ, ತಿಂಗಳಿಗೆ. 2021ರಿಂದ ಅದನ್ನ ಸಮಗ್ರ ಶಿಕ್ಷಾ ಅಭಿಯಾನಕ್ಕೆ ಸೇರಿಸಿಬಿಟ್ಟರು. ಕಟ್ಟಡ ಕೆಲಸದ ಅಪ್ಪ ಅಮ್ಮ ಆದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿ, ಮಕ್ಕಳ ಓದಿಗೆ ಸಹಾಯಧನ ಇದೆ. ವರ್ಷಕ್ಕೆ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಆ ಪುರಾವೆ ಕೊಡಬೇಕಾದ ಮೇಸ್ತ್ರಿ ಫೋನ್ ಎತ್ತಲ್ಲ.


ಸಂಪಿಗೆಮರ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಮೊದಲು ಮಕ್ಕಳು ಇರೋ ಜಾಗಕ್ಕೆ ಹೋದೆ. ಫ್ಲೈಓವರ್ ಆಚೆ ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ ಹನ್ನೊಂದು ಗುಡಿಸಲು. ಅನಂತಪುರದ ಕಡೆಯೋರು, ಮನೆಮಾತು ತೆಲುಗು. ಮಾಫಿಯಾ ಯಾರೂ ಕಾಣಲಿಲ್ಲ. ಹೋಲ್‌ಸೇಲ್ ಅಂಗಡಿಯೋನೊಬ್ಬ ಬೆಳಗ್ಗೆ ಸಾಲಕ್ಕೆ ಸರಕು ಕೊಡ್ತಾನೆ, ರಾತ್ರಿ ದುಡ್ಡು ಕಟ್ಟಬೇಕು. ಹೋದ ವರ್ಷ ಆ ಹುಡುಗಿಯ ಅಪ್ಪನ ಕಾಲು ಮುರಿದಾಗ ತಗೊಂಡ ಮೀಟರ್ ಬಡ್ಡಿ ಸಾಲ ಇನ್ನೂ ತೀರಿಲ್ಲ. "ಭಾನುವಾರ ಪಾಠ ಇಟ್ರಲ್ಲ ಮೇಡಂ, ಪಾರ್ಕಿನ ಹತ್ರ ಬಲೂನು ಹೋಗೋದೇ ಅವತ್ತು" ಅಂತ ಅವಳ ಅಮ್ಮ ನಕ್ಕರು. ಮೇಷ್ಟ್ರೇ, ನಿಮ್ಮ ಆ ಮೊದಲ ಪ್ರಶ್ನೆ ಮುಖಕ್ಕೆ ಹೊಡೀತು. ಸಿಗ್ನಲ್‌ನಲ್ಲಿ ವ್ಯಾಪಾರ ಆಗೋದು ಬೆಳಗ್ಗೆ ಒಂಬತ್ತೂವರೆ ತನಕ, ಆಮೇಲೆ ಸಂಜೆ ಐದರ ಮೇಲೆ. ಮಧ್ಯೆ ಬಿಸಿಲು, ಗಾಡಿಗಳು ನಿಲ್ಲಲ್ಲ, ಕಿಟಕಿ ಇಳಿಸಲ್ಲ. ಅಂದ್ರೆ ಶಾಲೆಯ ಹೊತ್ತು ಖಾಲಿಯೇ ಇತ್ತು. ನಾನು ಹುಡುಕಿ ಹುಡುಕಿ ಅವರ ದುಡಿಮೆಯ ಹೊತ್ತಿಗೇ ಪಾಠ ಇಟ್ಟಿದ್ದೆ.

ಬೆಳಗ್ಗೆ ಸಂಜೆ ಮಾರೋದೂ ನಿಲ್ಲಬೇಕು, ಗೊತ್ತು. ಸಾಲಕ್ಕೆ ದಾರಿ ಆಗದೆ ಅದು ನಿಲ್ಲಲ್ಲ ಅನ್ನೋದೂ ಈಗ ಗೊತ್ತು.

ಹುಡುಗಿಯನ್ನ ಕರ್ಕೊಂಡು ಶಾಲೆಗೆ ಹೋದ್ವಿ. ಹೆಡ್‌ಮೇಷ್ಟ್ರು ಆಧಾರ್ ಕೇಳಿದರು, ಟಿಸಿ ಕೇಳಿದರು. ಕರಿಕೋಟು ಅವರ ನಾಲ್ಕು ಕಲಮು ಚೀಟಿಯಲ್ಲಿ ಬರ್ಕೊಂಡು ಹೋಗಿದ್ದೆ, ಜಗಳ ಮಾಡದೆ ಟೇಬಲ್ ಮೇಲಿಟ್ಟೆ. ಅವರು ಓದಿ, ಸಿಆರ್‌ಪಿಗೆ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಇಲಾಖೆಯೋರು) ಫೋನ್ ಮಾಡಿ, ಐದನೇ ಕ್ಲಾಸಿಗೆ ಸೇರಿಸ್ಕೊಂಡರು. ಓದು ಕಲಿಯೋಕೆ ಬೆಳಗ್ಗೆ ಒಂದು ಹೊತ್ತು ನಲಿಕಲಿ ಕೋಣೆಯಲ್ಲಿ ಕೂರ್ತಾಳೆ, ಅಲ್ಲಿ ಚಿಕ್ಕೋರಿಗೆ ಲೆಕ್ಕ ಹೇಳಿಕೊಡೋ ಅಕ್ಕ ಅಂತ ಹೆಸರು ಕೊಟ್ಟಿದ್ದಾರೆ, ನಾಚಿಕೆ ಆಗದಿರಲಿ ಅಂತ. ತಮ್ಮ ಅಂಗನವಾಡಿಯಲ್ಲಿ. ಮೊದಲ ವಾರ ಆರರಲ್ಲಿ ನಾಲ್ಕು ದಿನ ಬಂದಳು. ಎರಡನೇ ವಾರ ಐದು. ನಾನು ಆಫೀಸಿನಲ್ಲಿ ಮಾತಾಡಿ ಬುಧವಾರ ಬೆಳಗ್ಗೆ ರಜಾ ತಗೊಂಡಿದ್ದೀನಿ. 380 ಬರೀತಾಳೆ ಈಗ. ಎಂಟನ್ನ ಮಾತ್ರ ಎರಡು ಸೊನ್ನೆ ಒಂದರ ಮೇಲೊಂದು ಇಟ್ಟು ಬರೀತಾಳೆ.

ಗೆಲ್ಲೋಕೆ ಆಗದೇ ಇರೋದು ಅವಳ ಅಣ್ಣ. ಹದಿಮೂರು. "ಚಿಕ್ಕ ಮಕ್ಕಳ ಜೊತೆ ನಾನು ಕೂರಲ್ಲ, ನಂಗೆ ಓದು ಬೇಡ" ಅಂತ ಕಡ್ಡಿ ಮುರಿದ ಹಾಗೆ ಹೇಳ್ತಾನೆ. ಕೆಟ್ಟುಹೋದ ಆಟದ ಕಾರುಗಳನ್ನ ಬಿಚ್ಚಿ ಮೋಟಾರ್ ತೆಗೆದು ಏನೇನೋ ಮಾಡ್ತಾ ಕೂರ್ತಾನೆ. ಏನು ಮಾಡಲಿ?


ಸುರಪುರದಾಂವ

ಹದಿಮೂರರ ಹುಡುಗಗ "ಓದು" ಅನ್ನಬ್ಯಾಡ್ರಿ ಅಕ್ಕಾರ. ಆ ಶಬ್ದ ಕೇಳಿದ್ರನ ಓಡ್ತಾವ.


ಕಪ್ಪುಹಲಗೆ

ಹೆಸರು ಮೊದಲು ದಾಖಲಾಗಲಿ. ಹದಿನಾಲ್ಕು ದಾಟಿದ ಮೇಲೆ ಹೊಸದಾಗಿ ಸೇರಿಸೋಕೆ ಕಾಯ್ದೆಯ ಬಲ ಇರಲ್ಲ. ಅವನ ಹುಟ್ಟಿದ ತಿಂಗಳು ಅಮ್ಮನಿಗೆ ನೆನಪಿದೆಯಾ ಕೇಳಿ, ಇಲ್ಲಾಂದ್ರೆ ಯಾವ ಹಬ್ಬದ ಹಿಂದೆ ಮುಂದೆ ಅಂತ ಕೇಳಿ.


ಎಂಟನೇಪ್ಲಾಟ್‌ಫಾರಂ

ಅಕ್ಕ, ಶನಿವಾರ ಮಧ್ಯಾಹ್ನ ಅವನನ್ನ ನನ್ನ ಅಂಗಡಿಗೆ ಕರ್ಕೊಂಡು ಬನ್ನಿ. ಕೆಲಸಕ್ಕಲ್ಲ, ಅದು ತಪ್ಪು ಅಂತ ಗೊತ್ತು, ಕರಿಕೋಟು ಸಾಹೇಬ್ರು ಬಂದು ಹಿಡೀತಾರೆ. ಸುಮ್ಮನೆ ನೋಡೋಕೆ. ಟೆಸ್ಟರು, ಮೀಟರು ಎಲ್ಲಾ ಅವನ ಕೈಗೆ ಕೊಡ್ತೀನಿ. ಮೀಟರ್ ಮೇಲೆ ಬರೋ ಅಂಕಿ ಏನು ಅಂತ ಅವನೇ ಕೇಳ್ತಾನೆ ನೋಡಿ. ನಾನಾಗಿ ಹೇಳಲ್ಲ.

ಅಂಗಡಿ ವಿಳಾಸ ಮೆಸೇಜ್ ಮಾಡಿದ್ದೀನಿ. ಬರೋವಾಗ ಅವನು ಬಿಚ್ಚಿರೋ ಆ ಮೋಟಾರ್‌ಗಳನ್ನೂ ತರೋಕೆ ಹೇಳಿ.